ಚರ್ಚಿನ ಸಂಜೆ ಮದುವೆಗೆ ಅಜ್ಜನ ರುಮಾಲು ಏನು ಮಾಡೋದು?

ಕಾರ್ಡು ಬಂದು ವಾರವಾಯಿತು. ಮೇಲೆ ಎರಡು ಪಾರಿವಾಳ, ನಡುವೆ ಶಿಲುಬೆ, ಕೆಳಗೆ ಬಂಗಾರದ ಅಕ್ಷರ. ಸಂಜೆ ನಾಲ್ಕೂವರೆಗೆ ಚರ್ಚಿನಲ್ಲಿ ಮದುವೆ, ಏಳಕ್ಕೆ ರಿಸೆಪ್ಷನ್. ಮದುವೆ ಹುಡುಗ ಈ ಮನೆಯ ಮಗನ ಜೊತೆ ಒಂದೇ ಆಫೀಸಿನಲ್ಲಿ ಕೂತು ಕೆಲಸ ಮಾಡುವವನು. ಯುಗಾದಿಗೆ ಇವರ ಮನೆಗೆ ಬಂದು ಹೋಳಿಗೆ ಉಂಡು, ಅಜ್ಜನ ಕಾಲು ಮುಟ್ಟಿ ಹೋದವನು. ಹೋಗದೇ ಇರೋಹಾಗಿಲ್ಲ! ಬೈಲಹೊಂಗಲವೋ, ಸವದತ್ತಿಯೋ, ರಾಮದುರ್ಗವೋ, ಯಾವ ತಾಲೂಕಾದರೂ ಆಗಲಿ, ಅಂಥದೊಂದು ಮನೆ ಅಂದುಕೊಳ್ಳಿ. ಪಡಸಾಲೆಯಲ್ಲಿ ಈಗ ಮಾತು ಹೀಗೆ ನಡೆದಿರುತ್ತದೆ.

"ನನಗ ಸೂಟ್ ಹೊಲಿಸ್ರಿ. ಅಲ್ಲೆ ಎಲ್ಲಾರೂ ಸೂಟ್ ಹಾಕ್ಕೊಂಡೇ ಬರ್ತಾರ" ಅಂತ ಮಗ.

"ರೇಷ್ಮಿ ಉಡ್ಲೋ, ಇಳಕಲ್ ಉಡ್ಲೋ? ಕುಂಕುಮ ಹಚ್ಕೊಂಡ ಹೋದ್ರ ನಡೀತದೇನ?" ಅಂತ ತಾಯಿ.

"ಒಳಗ ಹೋಗೂಮುಂದ ರುಮಾಲು ತಗೀಬೇಕಂತ. ನಾ ಬರಾಂಗಿಲ್ಲ, ನೀವ ಹೋಗಿ ಬರ್ರಿ" ಅಂತ ಅಜ್ಜ.

ಮೂಲೆಯಲ್ಲಿ ಜೋಳ ಹಸನು ಮಾಡುತ್ತ ಕೂತ ಅಜ್ಜನ ತಂಗಿ ಮಾತ್ರ ಏನೂ ಅನ್ನುವುದಿಲ್ಲ. ಗಂಡ ಹೋಗಿ ಎಷ್ಟೋ ವರ್ಷವಾದ ಹೆಣ್ಣುಮಗಳು, ಉಡೋದು ಬಿಳಿ ಸೀರೆ. ಆಕೆಯನ್ನು ಯಾರೂ ಕೇಳಿಲ್ಲ.

ಸೂಟಿನ ಪ್ರಶ್ನೆ, ರೇಷ್ಮೆಯ ಪ್ರಶ್ನೆ ಟೇಲರನ ಹತ್ತಿರ, ಜವಳಿ ಅಂಗಡಿಯಲ್ಲಿ ಮುಗಿಯುವಂಥದ್ದು. ಅಜ್ಜನದು, ಆ ಹಿರಿಯಳದು ಹಾಗಲ್ಲ. ಅದು ಮರ್ಯಾದೆಯ ಪ್ರಶ್ನೆ. ಆದ್ದರಿಂದ ಓದುಗ ಮಿತ್ರರೇ, ಈ ವಾರ ತಾರೆಯರ ಉಡುಪು ಸ್ವಲ್ಪ ಆ ಕಡೆ ಇರಲಿ. ನಮ್ಮ ನಿಮ್ಮ ಉಡುಪಿನ ಮಾತಾಡೋಣ.

ಸಿನಿಮಾ ಮಾಡಿದ ಉಪಕಾರ!

ನಮ್ಮ ಕಡೆಯ ಬಹಳ ಜನ ಕ್ರೈಸ್ತರ ಮದುವೆ ನೋಡಿದ್ದು ಟೆಂಟ್ ಟಾಕೀಸಿನಲ್ಲಿ. 1973ರಲ್ಲಿ ರಾಜ್ ಕಪೂರ್ 'ಬಾಬಿ' ತೆಗೆದರು. ಡಿಂಪಲ್ ಗೋವೆಯ ಮೀನುಗಾರನ ಮಗಳು ಬಾಬಿ ಬ್ರಗಾಂಜಾ ಆಗಿ ಬಂದದ್ದೇ ತಡ, ಆಕೆ ತೊಟ್ಟ ಚುಕ್ಕೆ ಬಟ್ಟೆ ಊರೂರಿಗೂ ಬಂತು. ಅದಕ್ಕೂ ಒಂದು ವರ್ಷ ಮೊದಲೇ, 1972ರಲ್ಲಿ, ಪುಟ್ಟಣ್ಣ ಕಣಗಾಲರ 'ನಾಗರಹಾವು' ಚಿತ್ರದಲ್ಲಿ ಮಾರ್ಗರೇಟ್ ಬಂದಿದ್ದಳು. ಶುಭಾ ಮಾಡಿದ ಪಾತ್ರ. 1975ರಲ್ಲಿ ನಮ್ಮ ಲಕ್ಷ್ಮಿ 'ಜೂಲಿ' ಆದರು. ಮೂವರೂ ಮರೆಯಲಾರದ ಹುಡುಗಿಯರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವರನ್ನು ನೋಡಿ ನಮ್ಮ ಜನ ಕಲಿತದ್ದೇನು? ಕ್ರೈಸ್ತ ಹುಡುಗಿ ಅಂದರೆ ಫ್ರಾಕು, ಕ್ರೈಸ್ತರ ಮನೆ ಅಂದರೆ ಬಾಟಲಿ, ಕ್ರೈಸ್ತರ ಮದುವೆ ಅಂದರೆ ಡ್ಯಾನ್ಸು!

1977ರ 'ಅಮರ್ ಅಕ್ಬರ್ ಆಂಥನಿ' ಅಂತೂ ಕೇಳೋದೇ ಬೇಡ. ಈಸ್ಟರ್ ಪಾರ್ಟಿಯಲ್ಲಿ ದೊಡ್ಡ ತತ್ತಿ ಒಡೆದು ಅಮಿತಾಭ್ ಎದ್ದು ಬರ್ತಾರೆ: ಬಾಲದ ಕೋಟು, ಎತ್ತರದ ಟೋಪಿ, ಒಂದೇ ಕಣ್ಣಿಗೆ ಕನ್ನಡಕ! ಕೊನೆಗೆ ಬಲವಂತದ ಮದುವೆ ತಪ್ಪಿಸೋದಕ್ಕೆ ಆಂಥನಿ ಪಾದ್ರಿ ವೇಷದಲ್ಲಿ, ಅಕ್ಬರ್ ಮದುವೆ ಬಟ್ಟೆಯ ಟೇಲರ್ ವೇಷದಲ್ಲಿ ಬರ್ತಾರೆ. ನಗು ಬಂತು, ದುಡ್ಡೂ ವಸೂಲಾಯಿತು. ಆದರೆ ಅದನ್ನು ನೋಡಿ ಬೈಲಹೊಂಗಲದ ಟೇಲರ್ ಹತ್ತಿರ "ಅಂಥಾದ ಒಂದ ಕೋಟ ಹೊಲದ ಕೊಡ್ರಿ" ಅಂತ ಹೋದರೆ ಅಳತೆ ಪಟ್ಟಿ ಕೊರಳಿಗೆ ಹಾಕಿಕೊಂಡೇ ಅವನು ನಗುತ್ತಾನೆ.

ಇನ್ನೊಂದು ಸಿನಿಮಾ ಸುಳ್ಳು ಹೇಳಿಬಿಡ್ತೀನಿ. ಪಾದ್ರಿಯವರು ಪುಸ್ತಕ ಹಿಡಿದು "ಈ ಮದುವೆಗೆ ಯಾರದಾದರೂ ಆಕ್ಷೇಪಣೆ ಇದೆಯೇ?" ಅಂತ ಕೇಳೋದು, ಬಾಗಿಲಲ್ಲಿ ಹೀರೋ ನಿಂತು "ಇದೆ!" ಅಂತ ಕೂಗೋದು. ಕೆಥೋಲಿಕರ ಮದುವೆ ವಿಧಿಯಲ್ಲಿ ಆ ಪ್ರಶ್ನೆಯೇ ಇಲ್ಲ ಸ್ವಾಮಿ! ಅದು ಆಂಗ್ಲಿಕನ್ ಪುಸ್ತಕದಿಂದ ಸಿನಿಮಾಕ್ಕೆ ಬಂದದ್ದು. ಕೆಥೋಲಿಕರಲ್ಲಿ ಮದುವೆಗೆ ಮೊದಲೇ, ಸಾಮಾನ್ಯವಾಗಿ ಮೂರು ವಾರ, ಚರ್ಚಿನಲ್ಲಿ ಹುಡುಗ ಹುಡುಗಿಯ ಹೆಸರು ಓದಿ ಹೇಳ್ತಾರೆ. ಅಡ್ಡಿ ಇದ್ದವರು ಆಗಲೇ ಬಂದು ಹೇಳಬೇಕು. ಮುಹೂರ್ತದ ಹೊತ್ತಿಗೆ ಮೋಟರ್ ಸೈಕಲ್ ಹತ್ತಿ ಬಂದರೆ ಊಟಕ್ಕೆ ಸಿಗಬಹುದು, ಅಷ್ಟೇ.

ಸಂಜೆ ಯಾಕೆ?

ನಮ್ಮಲ್ಲಿ ಅಕ್ಕಿಕಾಳು ಬೀಳೋದು ಹೆಚ್ಚಾಗಿ ಮಧ್ಯಾಹ್ನದೊಳಗೆ. ಇವರದು ಸಂಜೆ ಯಾಕೆ ಅಂತ ಬಹಳ ಮಂದಿ ಕೇಳ್ತಾರೆ. ಹಿಂದೆ ಇವರದೂ ಬೆಳಗಿನ ಮದುವೆಯೇ. ಚರ್ಚಿನ ಹಳೆಯ ಕಾನೂನಿನ ಪ್ರಕಾರ ಬಲಿಪೂಜೆಯನ್ನು ಮಧ್ಯಾಹ್ನ ಒಂದರ ನಂತರ ಶುರು ಮಾಡುವಂತಿರಲಿಲ್ಲ. ಪ್ರಸಾದ ತೆಗೆದುಕೊಳ್ಳುವವರು ನಡುರಾತ್ರಿಯಿಂದ ಉಪವಾಸ ಇರಬೇಕಿತ್ತು. ಮದುಮಗಳು ಹಸಿದುಕೊಂಡು ಸಂಜೆ ತನಕ ಕೂರೋದು ಹೇಗೆ? 1953ರಲ್ಲಿ ಪೋಪ್ ಹನ್ನೆರಡನೆಯ ಪಿಯೂಸ್ ಸಂಜೆ ಪೂಜೆಗೆ ಮೊದಲು ಬಾಗಿಲು ತೆರೆದರು, 1957ರಲ್ಲಿ ಇನ್ನಷ್ಟು ಅಗಲ ಮಾಡಿ ಉಪವಾಸವನ್ನು ಮೂರು ತಾಸಿಗೆ ಇಳಿಸಿದರು. 1964ರಲ್ಲಿ ಅದು ಒಂದು ತಾಸಿಗೆ ಬಂತು. ಸಂಜೆ ಮದುವೆ ಬೆಳೆದದ್ದು ಅದರ ಬೆನ್ನಿಗೇ. (ನಮ್ಮ ಬೆಳಗಾವಿ ಧರ್ಮಪ್ರಾಂತ್ಯ ಹುಟ್ಟಿದ್ದೂ ಅದೇ 1953ರಲ್ಲಿ!)

ಸರ್ಕಾರದ ಕಾನೂನೂ ಒಂದಿದೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯ 10ನೆಯ ಕಲಮು ಬೆಳಿಗ್ಗೆ ಆರರಿಂದ ಸಂಜೆ ಏಳರೊಳಗೆ ಮದುವೆ ಆಗಬೇಕು ಅನ್ನುತ್ತದೆ. ಏಳರ ನಂತರ ಮಾಡಬೇಕಾದರೆ ಕೆಥೋಲಿಕ್ ಪಾದ್ರಿಗೆ ಬಿಷಪ್ಪರ ಅನುಮತಿ ಬೇಕು. ಕಾರ್ಡಿನಲ್ಲಿ ನಾಲ್ಕೂವರೆ, ಐದು ಅಂತ ಇರೋದು ಸುಮ್ಮನೆ ಅಲ್ಲ. ನಿಮಗೆ ತಿಳಿಯಬೇಕಾದದ್ದು ಇಷ್ಟು: ಇದು ಒಂದು ಬಟ್ಟೆಯಲ್ಲಿ ಎರಡು ಜಾಗ. ನಾಲ್ಕೂವರೆಗೆ ದೇವರ ಮನೆ, ಏಳಕ್ಕೆ ಲೈಟಿನ ಮಂಟಪ. ಎರಡಕ್ಕೂ ಒಪ್ಪುವಂಥದ್ದು ಉಡಬೇಕು. ಮಂಟಪಕ್ಕೆ ಮಾತ್ರ ಒಪ್ಪುವ ಬಟ್ಟೆ ಹಾಕಿ ಮುಂದಿನ ಬೆಂಚಿನಲ್ಲಿ ಕೂತರೆ ನಿಮಗೇ ಮುಜುಗರ.

ಅಜ್ಜನ ರುಮಾಲು

ಈಗ ಅಜ್ಜನ ಹತ್ತಿರ ಬರೋಣ. ನಮ್ಮ ಸೀಮೆಯಲ್ಲಿ ಹಿರಿಯನ ತಲೆ ಮೇಲಿನ ರುಮಾಲು ಬಟ್ಟೆ ಅಲ್ಲ, ಅದು ಮಾನ. ಜಗಳದಲ್ಲಿ ಪಟಕಾಕ್ಕೆ ಕೈ ಹಾಕಿದರೆ ರಾಜಿಗೆ ಪಂಚರು ಬರಬೇಕು. ಬರಿ ತಲೆಯಲ್ಲಿ ಶುಭಕಾರ್ಯಕ್ಕೆ ಹೋಗೋದು ಉಂಟೇ? ಕ್ರೈಸ್ತರ ಪದ್ಧತಿ ನೇರ ಇದಕ್ಕೆ ತಿರುಗುಮುರುಗು. ಗಂಡಸು ದೇವರ ಮುಂದೆ ತಲೆಯ ಮೇಲಿನದು ತೆಗೀಬೇಕು, ಹೆಂಗಸು ತಲೆಯ ಮೇಲೆ ಹೊದೀಬೇಕು. ಸಂತ ಪೌಲರು ಕೊರಿಂಥದವರಿಗೆ ಬರೆದ ಕಾಗದದಿಂದ ಬಂದ ರೂಢಿ ಇದು. ಅಜ್ಜ ಕೇಳಿಸಿಕೊಂಡದ್ದು ಸುಳ್ಳೇನಲ್ಲ.

ಆದರೆ ಅರ್ಧ ಕೇಳಿಸಿಕೊಂಡಿದ್ದಾರೆ! 1917ರಲ್ಲಿ ರೋಮಿನವರು ಚರ್ಚಿನ ಕಾನೂನನ್ನೆಲ್ಲ ಸೇರಿಸಿ ಒಂದು ಪುಸ್ತಕ ಮಾಡಿದರು. ಅದರ 1262ನೆಯ ಕಲಮಿನಲ್ಲಿ ಗಂಡಸರು ಬರಿ ತಲೆಯಲ್ಲಿರಬೇಕು ಅಂತ ಬರೆದು, ಅದೇ ಉಸಿರಿನಲ್ಲಿ ಒಂದು ಬಾಲವನ್ನೂ ಸೇರಿಸಿದರು. ಆಯಾ ಜನಗಳ ಒಪ್ಪಿತ ರೂಢಿ ಬೇರೆ ಇದ್ದರೆ ಆ ಮಾತು ಬೇರೆ ಅಂತ. ಅಂದರೆ ಅಜ್ಜನ ರುಮಾಲಿಗೆ ರೋಮಿನ ಪುಸ್ತಕದಲ್ಲೇ ಜಾಗ ಇತ್ತು! 1983ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಪುಸ್ತಕದಲ್ಲಂತೂ ಗಂಡಸಿನ ತಲೆಯ ಮಾತೂ ಇಲ್ಲ, ಹೆಂಗಸಿನ ಸೆರಗಿನ ಮಾತೂ ಇಲ್ಲ.

ಈ ವ್ಯಾಜ್ಯ ಬಹಳ ಹಳೆಯದು. ಚೀನಾಕ್ಕೆ ಹೋದ ಜೆಸ್ವಿತ್ ಪಾದ್ರಿಗಳಿಗೆ ಇದೇ ತಾಪತ್ರಯ ಬಂದಿತ್ತು. ಅಲ್ಲಿಯೂ ದೊಡ್ಡವರ ಮುಂದೆ ಬರಿ ತಲೆಯಲ್ಲಿ ನಿಲ್ಲೋದು ಅವಮಾನ. ಹಾಗಾಗಿ 1615ರಲ್ಲಿ ಪೋಪ್ ಐದನೆಯ ಪೌಲ್, ಪೂಜೆ ಮಾಡುವ ಪಾದ್ರಿಗೇ ಟೋಪಿ ಹಾಕಿಕೊಳ್ಳಲು ಅಪ್ಪಣೆ ಕೊಟ್ಟರು. ಚೀನಾದ ಪಾದ್ರಿ ಟೋಪಿ ಹಾಕಿ ಪೂಜೆ ಮಾಡಬಹುದಾದರೆ ಸವದತ್ತಿಯ ಅಜ್ಜ ರುಮಾಲು ಸುತ್ತಿಕೊಂಡು ಹಿಂದಿನ ಬೆಂಚಿನಲ್ಲಿ ಕೂರಬಾರದೇನು?

ಹಾಗಂತ ಬಾಗಿಲಲ್ಲಿ ಕಾನೂನು ಪುಸ್ತಕ ತೆಗೆದು ವಾದಕ್ಕೆ ನಿಲ್ಲಬೇಡಿ. ಮದುವೆ ಹುಡುಗನಿಗೆ ಎರಡು ದಿನ ಮೊದಲೇ ಒಂದು ಫೋನು ಮಾಡಿ. "ನಮ್ಮ ಅಜ್ಜಾರು ರುಮಾಲು ತಗಿಯಾಂಗಿಲ್ರಿ, ಫಾದರ್‌ಗೆ ಒಂದ ಮಾತ ಹೇಳಿ ಇಡ್ರಿ" ಅಂದರೆ ಮುಗಿಯಿತು. ಬಾಗಿಲು ಕಾಯುವ ಹುಡುಗರಿಗೆ ಅವನೇ ಹೇಳ್ತಾನೆ. ಗಾಂಧಿ ಟೋಪಿಯವರ ಮಾತು ಬೇರೆ. ಟೋಪಿ ತೆಗೆದು ಕಿಸೆಯಲ್ಲಿಟ್ಟು, ಹೊರಗೆ ಬಂದು ಮತ್ತೆ ಹಾಕಬಹುದು. ರುಮಾಲು ಹಾಗಲ್ಲ, ಬಿಚ್ಚಿದರೆ ಮತ್ತೆ ಸುತ್ತಲು ಒಬ್ಬರು ತುದಿ ಹಿಡಿಯಬೇಕು! ಇನ್ನು ಹುಡುಗರ ಕ್ಯಾಪು, ತಲೆ ಮೇಲೆ ಏರಿಸಿದ ಕರಿ ಕನ್ನಡಕ, ಇವನ್ನು ಯಾವ ಪೋಪರೂ ಕಾಪಾಡುವುದಿಲ್ಲ. ತೆಗೆದೇ ಒಳಗೆ ಹೋಗಿ.

ದೇಶನೂರಿನಲ್ಲಿ ಏನಾಯಿತು?

ಬಟ್ಟೆಯ ವಿಷಯ ಇಷ್ಟು ಯಾಕೆ ಎಳೀತೀರಿ ಅಂತ ಕೇಳಬಹುದು. ಬೈಲಹೊಂಗಲ ತಾಲೂಕಿನವರು ಮಾತ್ರ ಹಾಗೆ ಕೇಳಲಾರರು. ಅವರ ತಾಲೂಕಿನ ದೇಶನೂರಿನಲ್ಲೇ ಸ್ನಾನಿಕ ಅರುಳಪ್ಪನವರ ವಿರಕ್ತಮಠ ಇದೆ. ಹೆಸರು ಕೇಳಿ ಬೇರೆ ಯಾವುದೋ ಮಠ ಅಂದುಕೊಳ್ಳಬೇಡಿ. ಅರುಳಪ್ಪ ಅಂದರೆ ಕನ್ನಡ ಕ್ರೈಸ್ತರ ಬಾಯಲ್ಲಿ ಸಂತ ಜಾನ್. ಜೆಸ್ವಿತರು ಕಟ್ಟಿದ ಚರ್ಚು ಅದು. ಅಲ್ಲಿಯ ಗುರುಗಳು ಬಿಳಿ ನಿಲುವಂಗಿ ಬಿಟ್ಟು ನಮ್ಮ ಮಠದ ಸ್ವಾಮಿಗಳ ಹಾಗೆ ಕಾವಿ ಉಟ್ಟರು. ಊರಿನ ಕಣ್ಣಿಗೆ ಒಗ್ಗುವಂತೆ ಬದುಕಬೇಕು ಅನ್ನೋದು ಅವರ ವಿಚಾರ.

2019ರಲ್ಲಿ ಬೆಳಗಾವಿಯ ಹೊಸ ಬಿಷಪ್ ಡೆರೆಕ್ ಫರ್ನಾಂಡಿಸ್ ಅಲ್ಲಿಗೆ ಹಬ್ಬಕ್ಕೆ ಬಂದಾಗ ಅವರೂ ಕಾವಿ ಹೊದ್ದರು, ಹಣೆಗೆ ತಿಲಕ ಇಟ್ಟುಕೊಂಡರು. ಯಾರೋ ತೆಗೆದ ಫೋಟೋ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಆಮೇಲೆ ಕೇಳಬೇಕೇ! ಬಿಷಪ್ ಹಿಂದೂ ಆಗಿಬಿಟ್ಟರೇ ಅಂತ ಕೆಲವು ಕೆಥೋಲಿಕರೇ ಸಿಟ್ಟಾದರು. ಇದು ಮತಾಂತರದ ಹೊಸ ವೇಷ ಅಂತ ಕೆಲವು ಹಿಂದೂಗಳು ಸಂಶಯಪಟ್ಟರು. ಒಂದು ತುಂಡು ಕಾವಿ ಬಟ್ಟೆಗೆ ಎರಡೂ ಕಡೆಯಿಂದ ಬೈಗುಳ.

ಇದೂ ಹೊಸದೇನಲ್ಲ. ಇಟಲಿಯ ರಾಬರ್ಟ್ ಡಿ ನೊಬಿಲಿ 1606ರಲ್ಲಿ ಮದುರೆಗೆ ಬಂದು ಕಾವಿ ಉಟ್ಟಾಗಲೂ ಅವರವರೇ ರೋಮಿಗೆ ದೂರು ಬರೆದರು. 1623ರಲ್ಲಿ ಪೋಪ್ ಹದಿನೈದನೆಯ ಗ್ರೆಗೊರಿ, ಅವರ ಕಡೆಯ ಕ್ರೈಸ್ತರು ಜನಿವಾರ ಹಾಕಬಹುದು, ಗಂಧ ಹಚ್ಚಬಹುದು ಅಂತ ತೀರ್ಪು ಕೊಟ್ಟರು. 1969ರಲ್ಲಿ ಭಾರತದ ಬಿಷಪ್ಪರು ಕೇಳಿದ ಹನ್ನೆರಡು ಬದಲಾವಣೆಗಳಿಗೆ ರೋಮು ಒಪ್ಪಿತು. ಚಪ್ಪಲಿ ಹೊರಗೆ ಬಿಡೋದು, ನೆಲದ ಮೇಲೆ ಕೂರೋದು, ಕೈ ಮುಗಿಯೋದು, ಆರತಿ ಎತ್ತೋದು, ಮೇಣದ ಬತ್ತಿಯ ಜಾಗದಲ್ಲಿ ಎಣ್ಣೆ ದೀಪ ಹಚ್ಚೋದು ಎಲ್ಲ ಅದರಲ್ಲಿವೆ. ಕುಂಕುಮ ಹಚ್ಚಿಕೊಂಡು ಹೋದ್ರೆ ನಡೀತದಾ ಅಂತ ಕೇಳಿದ ತಾಯಿಗೆ ಉತ್ತರ ಸಿಕ್ಕಿತಲ್ಲ? ಢಾಳಾಗಿ ಹಚ್ಚಿಕೊಂಡು ಹೋಗ್ರಿ ತಾಯಿ. ಮಲ್ಲಿಗೆ ಮುಡೀರಿ, ಹಸಿರು ಬಳೆ ಇಡೀರಿ. ಮದುಮಗಳ ಕೊರಳಿಗೂ ಅಲ್ಲಿ ತಾಳಿ ಬೀಳುವುದು ಬಹಳ ಕಡೆ ಉಂಟು, ಶಿಲುಬೆಯ ಗುರುತಿನ ತಾಳಿ, ಫಾದರ್ ಮಂತ್ರಿಸಿ ಕೊಟ್ಟದ್ದು.

ಬಿಳಿಯ ಲೆಕ್ಕ, ಕರಿಯ ಲೆಕ್ಕ

ಹೊರಗಿನ ಹೆಂಗಸರಿಗೆ ಎಲ್ಲರೂ ಹೇಳುವ ಮೊದಲನೇ ಮಾತು: ಬಿಳಿ ಉಡಬೇಡಿ, ಅದು ಮದುಮಗಳ ಬಣ್ಣ. ಈ ಬಿಳಿಯ ಹಕ್ಕು ಮದುಮಗಳಿಗೆ ಬಂದದ್ದು ಯಾವಾಗ ಗೊತ್ತೇ? ಬೈಬಲ್ಲಿನ ಕಾಲದಿಂದ ಅಲ್ಲ. 1840ರ ಫೆಬ್ರುವರಿ 10ರಂದು ಇಂಗ್ಲೆಂಡಿನ ರಾಣಿ ವಿಕ್ಟೋರಿಯಾ ಬಿಳಿ ಉಡುಪಿನಲ್ಲಿ ಮದುವೆಯಾದಳು. ಅದಕ್ಕೂ ಮೊದಲು ಅಲ್ಲಿನ ಹುಡುಗಿಯರು ಮನೆಯಲ್ಲಿದ್ದ ಒಳ್ಳೆಯ ಬಟ್ಟೆಯನ್ನೇ, ಕೆಂಪೋ ನೀಲಿಯೋ, ಹಾಕಿಕೊಂಡು ಮದುವೆಯಾಗುತ್ತಿದ್ದರು. ರಾಣಿ ಬಿಳಿ ಆರಿಸಿದ್ದಕ್ಕೆ ಒಂದು ಕಾರಣ ಕಸೂತಿ ಜಾಲರಿ. ಹೊನಿಟನ್ ಕಡೆಯ ಹೆಂಗಸರು ಕೈಯಲ್ಲಿ ಹೆಣೆದ ಜಾಲರಿಯನ್ನು ಜನ ನೋಡಲಿ, ಆ ಕೈಗಳಿಗೆ ಕೆಲಸ ಸಿಗಲಿ ಅಂತ. ರಾಮದುರ್ಗ, ಸುರೇಬಾನದ ಮಗ್ಗದವರಿಗೆ ಈ ಲೆಕ್ಕ ಥಟ್ಟನೆ ತಿಳಿಯುತ್ತದೆ. ಅತ್ತ ರಾಣಿ ಬಿಳಿ ಉಡುವುದಕ್ಕೆ ಹನ್ನೊಂದು ವರ್ಷ ಮೊದಲು, 1829ರಲ್ಲಿ, ನಮ್ಮ ಕಿತ್ತೂರು ಚನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಇಂಗ್ಲಿಷರ ಸೆರೆಯಲ್ಲಿ ಕಣ್ಣು ಮುಚ್ಚಿದ್ದಳು. (ಚನ್ನಮ್ಮ ಅಂದ ಕೂಡಲೇ 1961ರ ಚಿತ್ರದ ಸರೋಜಾದೇವಿ ಕಣ್ಣ ಮುಂದೆ ಬಂದರೆ ತಪ್ಪು ನಿಮ್ಮದಲ್ಲ, ಪಂತುಲು ಅವರದು!)

ಈ ಬಿಳಿಯ ಕಟ್ಟು ಹೆಂಗಸರಿಗೆ ಮಾತ್ರ. ಗಂಡಸರಿಗೂ ಇದ್ದಿದ್ದರೆ ಸವದತ್ತಿ ತಾಲೂಕಿನ ಹಿರಿಯರು ಒಬ್ಬರೂ ಮನೆ ಬಿಟ್ಟು ಬರುವಂತಿರಲಿಲ್ಲ! ಬಿಳಿ ಧೋತರ, ಬಿಳಿ ನೆಹರೂ ಶರ್ಟು, ಹೆಗಲಿಗೆ ಶಲ್ಯ. ಇದಕ್ಕಿಂತ ಚೆಂದದ ಸಂಜೆ ಉಡುಪನ್ನು ಯಾವ ಸೂಟಿನವನೂ ತೋರಿಸಲಾರ.

ಇನ್ನು ಮೂಲೆಯಲ್ಲಿ ಕೂತ ಆ ಹಿರಿಯಳು. ಆಕೆಗೆ ಎರಡು ಅಂಜಿಕೆ. ಮೊದಲನೆಯದು, ಶುಭಕಾರ್ಯದಲ್ಲಿ ಮುಂದೆ ಹೋಗಬಾರದು ಅಂತ ಇಷ್ಟು ವರ್ಷ ಊರೇ ಕಲಿಸಿಕೊಟ್ಟ ಅಂಜಿಕೆ. ಎರಡನೆಯದು, ಈಗ ಯಾರೋ ಹೇಳಿದ್ದು: ಅಲ್ಲಿ ಬಿಳಿ ಮದುಮಗಳದು ಅಂತ. ಒಂದೇ ಬಿಳಿ ಇಲ್ಲಿ ಎಲ್ಲ ಮುಗಿದವಳ ಬಣ್ಣ, ಅಲ್ಲಿ ಎಲ್ಲ ಶುರುವಾಗುವವಳ ಬಣ್ಣ. ಎರಡು ಬಾಗಿಲೂ ಆಕೆಯ ಮುಖಕ್ಕೇ ಮುಚ್ಚಿದರೆ ಹೇಗೆ?

ಬಿಳಿ ಬೇಡ ಅನ್ನೋದು ಮದುಮಗಳ ಜೊತೆ ಪೈಪೋಟಿಗೆ ನಿಲ್ಲುವವರಿಗೆ ಹೇಳಿದ ಮಾತು. ಬಿಳಿ ಗೌನು, ಬಿಳಿ ಜರತಾರಿ, ಬಿಳಿ ಲೆಹಂಗಾ ಹಾಕಿ ಮೆರೆಯುವವರಿಗೆ. ಎಪ್ಪತ್ತರ ಅಜ್ಜಿಯ ಮಗ್ಗದ ಬಿಳಿ ಸೀರೆಯನ್ನು ಮದುಮಗಳ ಉಡುಪು ಅಂತ ಯಾರೂ ತಪ್ಪು ತಿಳಿಯುವುದಿಲ್ಲ. ಮೊದಲನೇ ಅಂಜಿಕೆಗೆ ಚರ್ಚಿನ ಬೆಂಚೇ ಉತ್ತರ ಕೊಡುತ್ತದೆ. ಅಲ್ಲಿ ಮುತ್ತೈದೆಯರಿಗೊಂದು, ವಿಧವೆಯರಿಗೊಂದು ಅಂತ ಸಾಲು ಇಲ್ಲ. ಗಂಡ ಸತ್ತವಳು ಮೊದಲ ಬೆಂಚಿನಲ್ಲಿ ಕೂತರೂ ಏಳು ಅನ್ನುವವರಿಲ್ಲ. ಮನೆಯೊಳಗಿನ ಶಾಸ್ತ್ರಗಳಲ್ಲಿ, ರೋಸ್ ಹಚ್ಚುವ ದಿನ, ವಿಧವೆಯನ್ನು ಹಿಂದೆ ನಿಲ್ಲಿಸುವ ಹಳೆಯ ಚಾಳಿ ಅವರ ಕೆಲವು ಮನೆಗಳಲ್ಲೂ ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಬಲಿಪೂಜೆಗೆ ಆ ಭೇದ ಇಲ್ಲ. ನನ್ನ ಮಾತು ಕೇಳುವುದಾದರೆ ಆಕೆಯನ್ನು "ಬರ್ತೀಯೇನು?" ಅಂತ ಕೇಳಬೇಡಿ. "ಅತ್ತೀ, ನಾಲ್ಕಕ್ಕ ತಯಾರಾಗು" ಅನ್ನಿ. ಹೆಗಲ ಮೇಲೆ ಒಂದು ನೀಲಿ ಶಾಲು ಹೊದಿಸಿ, ಸಂಜೆ ಚಳಿಯ ನೆವ ಹೇಳಿ.

ಕರಿ ಬಣ್ಣ ಇನ್ನೊಂದು ತೊಡಕು. ಕೆಥೋಲಿಕರಲ್ಲಿ ಕರಿ ಅಂದರೆ ಸಾವಿನ ಬಣ್ಣ. ಸತ್ತವರ ಪೂಜೆಗೆ ಪಾದ್ರಿಗಳು ಕರಿ ಉಡುಪು ಹಾಕುತ್ತಿದ್ದರು, ಗಂಡ ಸತ್ತವರು ಕರಿ ಉಡುತ್ತಿದ್ದರು. ನಮ್ಮ ಸೀಮೆಯ ಲೆಕ್ಕವೇ ಬೇರೆ. ಸಂಕ್ರಾಂತಿಗೆ ಚಂದ್ರಕಾಳಿ ಸೀರೆ ಉಟ್ಟು ಮುತ್ತೈದೆಯರು ಎಳ್ಳು ಬೀರ್ತಾರೆ. ಈಗ ರಿಸೆಪ್ಷನ್ನಿನಲ್ಲಿ ಅರ್ಧ ಮಂದಿ ಹುಡುಗರು ಕರಿ ಸೂಟಿನಲ್ಲೇ ಇರ್ತಾರೆ, ಹಾಗಾಗಿ ಕರಿ ಅಂದರೆ ಹೌಹಾರುವ ಕಾಲ ಹೋಯಿತು. ಕೆಂಪು ಸೆರಗಿನ, ಕಸೂತಿ ಹಾಕಿದ ಚಂದ್ರಕಾಳಿಯನ್ನು ಯಾರೂ ಸೂತಕದ ಸೀರೆ ಅನ್ನೋದಿಲ್ಲ. ಅಡಿಯಿಂದ ಮುಡಿಯವರೆಗೆ ಬರೀ ಕರಿ ಮಾತ್ರ ಬೇಡ, ಮುಂದಿನ ಬೆಂಚಿನ ಮುದುಕಿಯರ ಕಣ್ಣು ತಪ್ಪಿಸೋದು ಕಷ್ಟ.

ಇಳಕಲ್ ಇರುವಾಗ ಗೌನು ಯಾಕೆ?

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತಾರೆ. ಆದರೆ ಪರರ ಇಚ್ಛೆ ಏನು ಅಂತ ತಪ್ಪು ತಿಳಿದು ಬಾಡಿಗೆ ಗೌನು ತರುವ ಹೆಣ್ಣುಮಕ್ಕಳಿದ್ದಾರೆ! ಬೇಡ. ಸಂಜೆ ಲೈಟಿಗೆ ಇಳಕಲ್ ಸೀರೆಯಂಥದ್ದು ಇನ್ನೊಂದಿಲ್ಲ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆ ಮಾಡಿ ಕೊಂಡಿ ಹಾಕಿ ಕೂಡಿಸ್ತಾರೆ. ಕೆಂಪು ಸೆರಗಿನ ಮೇಲೆ ಬಿಳಿಯ ತೋಪು ತೆನೆ. ಲೈಟು ಬಿದ್ದಾಗ ಆ ತೆನೆ ಎದ್ದು ಕಾಣೋದನ್ನು ನೋಡಬೇಕು! ಮೇಲೆ ಗುಳೇದಗುಡ್ಡದ ಖಣದ ಜಂಪರು. ಜಂಪರಿನ ತೋಳು ಭುಜ ಮುಚ್ಚಲಿ, ಬೆನ್ನು ತೀರ ಇಳಿಯದಿರಲಿ. ಚರ್ಚಿನಲ್ಲಿ ಹಿಂದಿನ ಬೆಂಚಿನವರಿಗೆ ಒಂದೂವರೆ ತಾಸು ಕಾಣುವುದು ನಿಮ್ಮ ಬೆನ್ನೇ! ಫ್ಯಾಷನ್ನಿನ ಜಂಪರು ಹೊಲಿಸಿಯೇ ಆಗಿದ್ದರೆ ಸೆರಗು ಎರಡೂ ಹೆಗಲ ಮೇಲೆ ಹೊದ್ದು ಕೂತುಕೊಳ್ಳಿ, ಮಂಟಪಕ್ಕೆ ಹೋದ ಮೇಲೆ ಬಿಡಿ. ತಲೆ ಮೇಲೆ ಸೆರಗು ಹೊದೆಯಲೇಬೇಕು ಅಂತ ಈಗ ಇಲ್ಲ. ಹೊದ್ದರೆ ಹಿರಿಯರಿಗೆ ಖುಷಿ.

ಅಚ್ಚ ಕೆಂಪು ರೇಷ್ಮೆ ಉಡುವ ಮುಂಚೆ ಒಂದು ಮಾತು ವಿಚಾರಿಸಿ. ಗೋವೆ, ಮಂಗಳೂರು ಮೂಲದ ಕೊಂಕಣಿ ಮನೆಗಳಲ್ಲಿ ಬಿಳಿ ಉಡುಪು ಕಳಚಿದ ಮದುಮಗಳು ಕೆಂಪು 'ಸಾಡೊ' ಸೀರೆ ಉಡುವ ಪದ್ಧತಿ ಉಂಟು. ಅಂಥ ಮನೆಯಾದರೆ ಹಸಿರು, ನೇರಳೆ, ಅರಿಶಿಣ, ಯಾವುದಾದರೂ ಆಗಬಹುದು.

ಮಕ್ಕಳ ಮಾತು ಮರೆತಿದ್ದೆ. ಐದಾರು ವರ್ಷದ ಮಗಳಿಗೆ ಬಿಳಿ ಜಾಲರಿ ಫ್ರಾಕು ಬೇಡ. ಮದುಮಗಳ ಮುಂದೆ ಹೂ ಹಿಡಿದು ನಡೆಯುವ ಹುಡುಗಿಯರಿಗೆ ಅದೇ ಡ್ರೆಸ್ಸು. ನಿಮ್ಮ ಮಗಳೂ ಆ ಸಾಲಿನಲ್ಲಿ ಸೇರಿಕೊಂಡು ನಡೆದುಬಿಟ್ಟಾಳು!

ಸೂಟು, ಬೂಟು, ಕಾಲುಚೀಲ

ಮಗನ ಸೂಟಿನ ವಿಷಯ ಎರಡೇ ಮಾತು. ಕೆಥೋಲಿಕರ ಮದುವೆಗಳು ಹೆಚ್ಚಾಗಿ ಬೀಳೋದು ಎರಡು ಹಂಗಾಮಿನಲ್ಲಿ, ಕ್ರಿಸ್ಮಸ್ ಕಳೆದ ಮೇಲೆ ಒಂದು, ಈಸ್ಟರ್ ಕಳೆದ ಮೇಲೆ ಒಂದು. ನಡುವೆ ತಪಸ್ಸು ಕಾಲ, ಆಗ ಸಾಮಾನ್ಯವಾಗಿ ಮದುವೆ ಇಟ್ಟುಕೊಳ್ಳೋದಿಲ್ಲ. (ಕ್ರಿಸ್ಮಸ್ ಹಂಗಾಮು ಅಂದರೆ ನಮ್ಮ ಧನುರ್ಮಾಸ. ನಮ್ಮವರ ಮದುವೆ ನಿಂತಿರೋದರಿಂದ ಮಂಟಪವೂ ಖಾಲಿ, ಬ್ಯಾಂಡಿನವರೂ ಖಾಲಿ!) ಜನವರಿಯಾದರೆ ಸೂಟು ಹಾಕು ತಮ್ಮಾ. ಮೇ ತಿಂಗಳಲ್ಲಿ ರಾಮದುರ್ಗದ ಬಿಸಿಲಿಗೆ ಸೂಟು ಹಾಕಿ ಹೋದರೆ ಕೇಕು ಕತ್ತರಿಸುವ ಹೊತ್ತಿಗೆ ನೀನೇ ಕರಗಿರ್ತೀಯ. ಇಸ್ತ್ರಿ ಮಾಡಿದ ಉದ್ದ ತೋಳಿನ ಶರ್ಟು, ಪ್ಯಾಂಟು ಸಾಕು. ಪ್ಯಾಂಟು ಮಾತ್ರ ಮಂಡಿಯ ಹತ್ತಿರ ಬಿಗಿ ಇರಬಾರದು. ಅಲ್ಲಿ ಎಲ್ಲರೂ ಏಳ್ತಾರೆ, ಕೂರ್ತಾರೆ, ಮಂಡಿಯೂರ್ತಾರೆ. ನೀನು ಅವರ ಜೊತೆ ಎದ್ದು ನಿಂತರೆ ಸಾಕು, ಮಂಡಿಯೂರಲೇಬೇಕು ಅಂತೇನಿಲ್ಲ.

ಚಪ್ಪಲಿಗೆ ಸುಲಭದ ಉಪಾಯ: ಬಾಗಿಲು ನೋಡಿ. ಹೊರಗೆ ಚಪ್ಪಲಿ ರಾಶಿ ಇದ್ದರೆ ಬಿಡಿ, ಇಲ್ಲದಿದ್ದರೆ ಹಾಕಿಕೊಂಡೇ ಹೋಗಿ. ಹಳ್ಳಿಯ ಚರ್ಚುಗಳಲ್ಲಿ ಬಿಡೋದೇ ಹೆಚ್ಚು. ಆದ್ದರಿಂದ ಬೂಟಿನವರು ಹೆಬ್ಬೆರಳು ಹೊರಗೆ ಇಣುಕುವ ಕಾಲುಚೀಲವನ್ನು ಅವತ್ತು ಒಂದು ದಿನ ಮನೆಯಲ್ಲೇ ಬಿಟ್ಟು ಬನ್ನಿ.

ಪೂಜೆಯ ಕೊನೆಯಲ್ಲಿ ಎಲ್ಲರೂ ಸಾಲು ನಿಂತು ಪ್ರಸಾದ ತೆಗೆದುಕೊಳ್ತಾರೆ. ಆ ಸಾಲಿಗೆ ನೀವು ಹೋಗಬಾರದು, ಅದು ದೀಕ್ಷೆ ಆದ ಕೆಥೋಲಿಕರಿಗೆ ಮಾತ್ರ. ನಿಮ್ಮ ಜಾಗದಲ್ಲೇ ಕೂತಿರಿ, ಯಾರೂ ಬೇಸರ ಮಾಡಿಕೊಳ್ಳೋದಿಲ್ಲ. ಅಕ್ಕಿಕಾಳು ಕಿಸೆಯಲ್ಲಿ ತಂದಿದ್ದರೆ ಒಳಗೆ ಎಸೆಯಬೇಡಿ. ಹೊರಗೆ ಮೆಟ್ಟಿಲ ಹತ್ತಿರ ಜೋಡಿ ಇಳಿದು ಬರುವಾಗ ಎಸೆದರೆ ಒಪ್ಪುತ್ತದೆ. ಆಯೇರಿ ಮಾಡೋದಾದರೆ ಮಂಟಪದಲ್ಲಿ ಮಾಡಿ.

ವಸ್ತಿ ಬಸ್ಸಿನ ಲೆಕ್ಕ

ಏಳಕ್ಕೆ ಅಂದ ರಿಸೆಪ್ಷನ್ ಏಳೂವರೆಗೆ ಶುರು. ಕೇಕು, ಭಾಷಣ, ಗ್ಲಾಸು ಎತ್ತಿ ಹಾರೈಸೋದು, ಆಮೇಲೆ ಬೆಳಗಾವಿ ಕಡೆಯ ಮನೆಯಾದರೆ ಬ್ಯಾಂಡು, ಕುಣಿತ. ಹಳ್ಳಿಯದಾದರೆ ನೇರ ಊಟ. ಕುಣಿಯಲೇಬೇಕೆಂಬ ಬಲವಂತ ಇಲ್ಲ, ಕು​ಣಿಯುವ ಮನಸ್ಸಿದ್ದರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ.

ಬಸ್ಸಿನಲ್ಲಿ ಬರುವವರು ಒಳ್ಳೆಯ ಸೀರೆಯನ್ನು ಚೀಲದಲ್ಲಿಟ್ಟು ತಂದು ಮದುವೆ ಮನೆಯಲ್ಲೇ ಉಡೋದು ಜಾಣತನ. ಸವದತ್ತಿ ಬಸ್ಸಿನಲ್ಲಿ ಹುಣ್ಣಿಮೆ ಹತ್ತಿರ ಬಂದರೆ ಎಲ್ಲಮ್ಮನ ಭಕ್ತರ ಗದ್ದಲ, ಭಂಡಾರದ ಹಳದಿ ಯಾರ ಸೀರೆಗೆ ತಾಕಿತು ಅಂತ ಹೇಳೋಹಾಗಿಲ್ಲ. ವಾಪಸು ಹೋಗುವ ವಸ್ತಿ ಬಸ್ಸು ಎಷ್ಟಕ್ಕೆ ಅಂತ ಇಳಿಯುವಾಗಲೇ ಕಂಡಕ್ಟರನ್ನು ಕೇಳಿ ಇಟ್ಟುಕೊಳ್ಳಿ. ಊಟ ಬೇಗ ಮಾಡಿ ಅಂತ ಮದುವೆ ಮನೆಯವರಿಗೆ ಹೇಳಿದರೆ ಅವರೇ ಹಿರಿಯರನ್ನು ಮೊದಲ ಪಂಕ್ತಿಗೆ ಕೂರಿಸ್ತಾರೆ. ಜನವರಿ ರಾತ್ರಿ ಕಿತ್ತೂರು ಬಸ್ ಸ್ಟ್ಯಾಂಡಿನಲ್ಲಿ ಹೆದ್ದಾರಿಯ ಗಾಳಿ ಸಣ್ಣದಲ್ಲ. ಅತ್ತಿಗೆ ಹೊದಿಸಿದ ಶಾಲು ಅಲ್ಲಿ ನಿಜವಾಗಲೂ ಬೇಕಾಗುತ್ತದೆ. ಅಜ್ಜನಿಗೆ ಏನೂ ಬೇಡ, ಕಿವಿ ಮುಚ್ಚುವಷ್ಟು ರುಮಾಲು ಇದ್ದೇ ಇದೆ.